‘ಛತ್ರದಲ್ಲಿ ಸ್ಥಳವಿರಲಿಲ್ಲ’: ಅದು ನಿಜಕ್ಕೂ ಛತ್ರವೇ?

ಭಾನುವಾರದ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಸಂಡೇ ಸ್ಕೂಲ್ ಮಕ್ಕಳಿಗೆ ಕ್ರಿಸ್‌ಮಸ್ ನಾಟಕ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಆಡುವ ನಾಟಕವೇ. ಯೋಸೇಫ, ಮರಿಯ ಮೂರು ಬಾಗಿಲು ತಟ್ಟುತ್ತಾರೆ, ಛತ್ರದವನು "ಜಾಗ ಇಲ್ಲ, ಮುಂದೆ ಹೋಗಿ" ಅಂತ ಮುಖದ ಮೇಲೆ ಬಾಗಿಲು ಹಾಕುತ್ತಾನೆ. ಈ ಸಲ ಛತ್ರದವನ ಪಾತ್ರ ಆರನೇ ಕ್ಲಾಸಿನ ಹುಡುಗನಿಗೆ ಬಂದಿದೆ, ಬಹಳ ಮೆದು ಸ್ವಭಾವದವನು. ಮೊನ್ನೆ ರಿಹರ್ಸಲ್ ಮುಗಿದ ಮೇಲೆ ಬೈಬಲ್ ಹಿಡಿದುಕೊಂಡು ಬಂದ. "ಮಿಸ್, ನನ್ನ ಡೈಲಾಗ್ ಇದರಲ್ಲಿ ಎಲ್ಲಿದೆ? ಅಜ್ಜಿ ಜೊತೆ ಕೂತು ಹುಡುಕಿದೆ, ಸಿಗಲಿಲ್ಲ" ಅಂದ.

ಅವತ್ತು ರಾತ್ರಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಮತ್ತೆ ಮತ್ತೆ ಓದಿದೆ. ಬಾಗಿಲು ತಟ್ಟಿದ್ದು ಇಲ್ಲ, ಛತ್ರದವನು ಇಲ್ಲ, ಕತ್ತೆಯೂ ಇಲ್ಲ. ಇರುವುದು ಒಂದೇ ವಾಕ್ಯ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು, ಯಾಕೆಂದರೆ ಛತ್ರದಲ್ಲಿ ಅವರಿಗೆ ಸ್ಥಳವಿರಲಿಲ್ಲ. ಅಷ್ಟೇ.

ಆ ಕಾಲದಲ್ಲಿ ಬೇತ್ಲೆಹೇಮಿನಂಥ ಸಣ್ಣ ಊರಲ್ಲಿ ಛತ್ರ ಅಂತ ಇತ್ತಾ? ಇದ್ದರೆ ಹೇಗಿರುತ್ತಿತ್ತು? ಪ್ರಯಾಣ ಹೊರಟ ಜನ ರಾತ್ರಿ ಎಲ್ಲಿ ತಂಗುತ್ತಿದ್ದರು? ತಿಳಿದವರು ದಯವಿಟ್ಟು ಹೇಳಿ. ಆ ಹುಡುಗನಿಗೆ ನಾನು ಉತ್ತರ ಕೊಡಬೇಕು.

ಹಳೇಲಿಪಿ

ಟೀಚರ್, ಹುಡುಗ ಸರಿಯಾದ ಕಡೆಗೇ ಕೈ ಹಾಕಿದ್ದಾನೆ. ದೇವಶಾಸ್ತ್ರ ಓದುವಾಗ ಕಲಿತ ಗ್ರೀಕ್ ಇನ್ನೂ ಮರೆತಿಲ್ಲ, ಅದರ ಬಲದಲ್ಲಿ ಹೇಳುತ್ತೇನೆ.

ನಮ್ಮ ಬೈಬಲ್‌ನಲ್ಲಿ ಛತ್ರ ಅಂತ ಬರುವ ಕಡೆ ಲೂಕ ಬರೆದ ಪದ ‘ಕಟಾಲೂಮ’. ಇದೇ ಪದ ಲೂಕನಲ್ಲಿ ಇನ್ನೊಂದು ಕಡೆ ಬರುತ್ತದೆ, 22ನೇ ಅಧ್ಯಾಯದ 11ನೇ ವಚನದಲ್ಲಿ. ಶಿಷ್ಯರ ಸಂಗಡ ಪಸ್ಕ ಹಬ್ಬದ ಊಟ ಮಾಡಲು ಕೋಣೆ ಎಲ್ಲಿ ಅಂತ ಯೇಸು ಕೇಳಿಸುತ್ತಾನಲ್ಲ, ಆ ಕೋಣೆ. ಮಾರ್ಕ 14:14ರಲ್ಲೂ ಇದೇ ಪದ. ಅದು ಯಾರದೋ ಮನೆಯ ಮೇಲಂತಸ್ತಿನ ಕೋಣೆ. ಕೊನೆಯ ಊಟ ಛತ್ರದಲ್ಲಿ ನಡೆಯಿತು ಅಂತ ನಾವು ಯಾರೂ ಅಂದುಕೊಳ್ಳುವುದಿಲ್ಲ.

ದುಡ್ಡು ಕೊಟ್ಟು ಉಳಿಯುವ ತಂಗುಮನೆಗೆ ಲೂಕನ ಹತ್ತಿರ ಬೇರೆಯೇ ಪದವಿತ್ತು: ‘ಪಂಡೊಖೇಯೊನ್’. ಎಲ್ಲರನ್ನೂ ಬರಮಾಡಿಕೊಳ್ಳುವ ಜಾಗ ಅಂತ ಅರ್ಥ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, 10ನೇ ಅಧ್ಯಾಯದಲ್ಲಿ, ಅದನ್ನು ಬಳಸಿದ್ದಾನೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದ ಒಬ್ಬನನ್ನು ಸಮಾರ್ಯದವನೊಬ್ಬ ತಂಗುಮನೆಗೆ ಸೇರಿಸಿ, ಎರಡು ನಾಣ್ಯ ಕೊಟ್ಟು ನೋಡಿಕೊಳ್ಳಲು ಹೇಳಿದ ಕಥೆ ಅದು. ಅಲ್ಲಿ ತಂಗುಮನೆಯವನೂ ಇದ್ದಾನೆ. ಎರಡು ಪದವೂ ಗೊತ್ತಿದ್ದವನು ಬೇತ್ಲೆಹೇಮಿನ ಕಥೆಗೆ ಕಟಾಲೂಮ ಅಂತ ಆರಿಸಿಕೊಂಡಿದ್ದಾನೆ ಅಂದರೆ, ಅವನ ಕಣ್ಣ ಮುಂದೆ ಇದ್ದದ್ದು ಮನೆಯೊಂದರ ಅತಿಥಿ ಕೋಣೆ ಅಂತ ನನ್ನ ನಂಬಿಕೆ. ಯೋಸೇಫ ದಾವೀದನ ವಂಶದವನು, ತನ್ನ ಪೂರ್ವಿಕರ ಊರಿಗೆ ಬಂದಿದ್ದಾನೆ. ಊರ ತುಂಬ ನೆಂಟರು. ಅತಿಥಿ ಕೋಣೆ ಅದಾಗಲೇ ತುಂಬಿತ್ತು, ಹೆರಿಗೆಗೆ ಅಲ್ಲಿ ಜಾಗ ಸಾಲಲಿಲ್ಲ.

ಇನ್ನೊಂದು ವಿಷಯ. "ಅವರು ಅಲ್ಲಿದ್ದಾಗ" ದಿನ ತುಂಬಿತು ಅಂತ ಲೂಕ ಬರೆಯುತ್ತಾನೆ. ಬಂದಿಳಿದ ರಾತ್ರಿಯೇ ಹೆರಿಗೆಯಾಯಿತು ಅಂತ ಎಲ್ಲೂ ಇಲ್ಲ.

ಬಯಲುಸೀಮೆ

ಟೀಚರಮ್ಮಾರ, ನಾ ಕ್ರಿಶ್ಚಿಯನ್ ಅಲ್ಲ, ಆದ್ರ ಗೋದಲಿ ಅಂದ್ರ ಏನಂತ ಹೇಳಬಲ್ಲೆ. ನಮ್ಮ ಅಜ್ಜಾರ ಮನಿ ಹಿಂಗ ಇತ್ತು. ತಲಬಾಗಲಾ ದಾಟಿದ ಕೂಡ್ಲೆ ತಗ್ಗಿನ್ಯಾಗ ದನ ಕಟ್ಟೋ ಜಾಗ. ಅಲ್ಲಿಂದ ಸೊಂಟದೆತ್ತರಕ್ಕ ಪಡಸಾಲಿ. ಪಡಸಾಲಿ ಅಂಚಿಗೇ ಗ್ವಾದಲಿ. ಎತ್ತು ಕೆಳಗ ನಿಂತು ಮೇವು ತಿಂತಿದ್ವು, ನಾವು ಮ್ಯಾಲೆ ಹಾಸಿಗಿ ಹಾಸಿ ಮಲಗ್ತಿದ್ವಿ. ರಾತ್ರಿ ಎಚ್ಚರಾದ್ರ ಎತ್ತಿನ ಉಸಿರು ಕೇಳಸ್ತಿತ್ತು, ಚಳಿಗಾಲದಾಗ ಅದರ ಬಿಸಿ ಮುಖಕ್ಕ ತಾಗ್ತಿತ್ತು. ಕೂಸಿನ್ನ ಗ್ವಾದಲ್ಯಾಗ ಮಲಗಿಸಿದ್ಲು ಅಂತ ಓದಿದ್ರ ನನಗ ಮನಿ ಹೊರಗ ಹಾಕಿದ್ರು ಅಂತ ಅನಸೂದೇ ಇಲ್ಲ. ಮನಿ ಒಳಗ, ಮಂದಿ ನಡುವ, ಬೆಚ್ಚಗಿನ ಜಾಗದಾಗ ಇಟ್ರು ಅಂತನ ಅನಸತೈತಿ.

ಹಳೇಲಿಪಿ

ಅಣ್ಣ, ನೀವು ಹೇಳಿದ್ದನ್ನೇ ಪ್ಯಾಲೆಸ್ಟೈನಿನ ಹಳ್ಳಿಮನೆಗಳ ಬಗ್ಗೆ ವಿದ್ವಾಂಸರು ಹೇಳುತ್ತಾರೆ. ಒಂದೇ ದೊಡ್ಡ ಕೋಣೆ, ಬಾಗಿಲ ಬಳಿಯ ತಗ್ಗು ಜಾಗ ರಾತ್ರಿ ಹೊತ್ತು ದನಕರುಗಳಿಗೆ, ಮೇಲಿನ ಜಗಲಿ ಮನೆಮಂದಿಗೆ, ಜಗಲಿಯ ಅಂಚಿನಲ್ಲಿ ಗೋದಲಿ. ಬೈಬಲ್‌ನಲ್ಲೇ ಇದಕ್ಕೆ ಗುರುತುಗಳಿವೆ. ಸೌಲನಿಗೆ ಊಟ ಹಾಕಿದ ಏಂದೋರಿನ ಹೆಂಗಸಿನ ಕೊಬ್ಬಿದ ಕರು "ಮನೆಯಲ್ಲಿ" ಇತ್ತು ಅಂತ ಒಂದನೇ ಸಮುವೇಲ 28:24. ಲೂಕ 13:15ರಲ್ಲಿ ಯೇಸು ಕೇಳುತ್ತಾನೆ, ಸಬ್ಬತ್ ದಿನವೂ ನೀವು ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಕರೆದುಕೊಂಡು ಹೋಗುವುದಿಲ್ಲವೇ ಅಂತ. ಪ್ರತಿ ಬೆಳಿಗ್ಗೆ ಎಲ್ಲರ ಮನೆಯಲ್ಲೂ ನಡೆಯುತ್ತಿದ್ದ ಕೆಲಸ ಅದು.

ದಾರಿಹೋಕ

ನಾನು ಇದನ್ನು ಅಷ್ಟು ಬೇಗ ಒಪ್ಪುವುದಿಲ್ಲ. ಎರಡು ಕಾರಣ.

ಒಂದು, ಗುಹೆ. ಎರಡನೇ ಶತಮಾನದಲ್ಲೇ ಜಸ್ಟಿನ್ ಮಾರ್ಟಿರ್ ಎಂಬ ಕ್ರೈಸ್ತ ಲೇಖಕ ಬರೆದಿದ್ದಾನೆ, ಊರಲ್ಲಿ ತಂಗಲು ಜಾಗ ಸಿಗದೆ ಊರ ಹತ್ತಿರದ ಗುಹೆಯೊಂದರಲ್ಲಿ ಉಳಿದರು ಅಂತ. ಅವನು ಅದೇ ನಾಡಿನವನು, ಈಗಿನ ನಾಬ್ಲುಸ್‌ನಲ್ಲಿ ಹುಟ್ಟಿದವನು. ಇವತ್ತಿಗೂ ಬೇತ್ಲೆಹೇಮಿನ ದೊಡ್ಡ ದೇವಾಲಯ ನಿಂತಿರುವುದು ಗುಹೆಯ ಮೇಲೆ.

ಎರಡು, ಯೆರೆಮೀಯ 41:17. ಈಜಿಪ್ಟಿಗೆ ಓಡಿ ಹೋಗುವವರು ಬೇತ್ಲೆಹೇಮಿನ ಹತ್ತಿರ ‘ಗೇರೂತ್ ಕಿಮ್ಹಾಮ್’ ಎಂಬಲ್ಲಿ ತಂಗಿದರು ಅಂತ ಇದೆ. ‘ಗೇರೂತ್’ ಅಂದರೆ ಪರದೇಶಿಗಳು ಉಳಿಯುವ ಜಾಗ. ಹೆಬ್ರೋನ್ ಕಡೆಯ ಹೆದ್ದಾರಿಗೆ ಬೇತ್ಲೆಹೇಮ್ ಅಂಟಿಕೊಂಡೇ ಇದೆ. ಅಲ್ಲಿ ತಂಗುದಾಣ ಇರಲೇ ಇಲ್ಲ ಅಂತ ಖಡಾಖಂಡಿತ ಹೇಳುವುದು ಹೇಗೆ?

ಹಳೇಲಿಪಿ

ಇರಲೇ ಇಲ್ಲ ಅಂತ ನಾನೂ ಹೇಳಲಾರೆ ಸರ್. ಯೆರೆಮೀಯನ ಮಾತು ಯೇಸುವಿಗಿಂತ ಸುಮಾರು ಆರುನೂರು ವರ್ಷ ಹಿಂದಿನದು, ಆದರೂ ನೀವು ಎತ್ತಿದ್ದು ಒಳ್ಳೆಯದಾಯಿತು. ಗುಹೆಗೂ ಮನೆಗೂ ಮಾತ್ರ ಜಗಳವಿಲ್ಲ. ಆ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಗುಹೆಯ ಮುಂದೆಯೇ ಗೋಡೆ ಎತ್ತಿ ಮನೆ ಮಾಡಿಕೊಳ್ಳುತ್ತಿದ್ದರು. ಮುಂದಿನ ಭಾಗದಲ್ಲಿ ಜನ, ಹಿಂದಿನ ಗುಹೆಯಲ್ಲಿ ದನ, ಧಾನ್ಯ. ನಾನು ಒಪ್ಪದಿರುವುದು ಬಾಗಿಲು ಹಾಕಿದ ಆ ನಿರ್ದಯಿ ಮನುಷ್ಯನನ್ನು. ಲೂಕನಲ್ಲೂ ಅವನಿಲ್ಲ, ಜಸ್ಟಿನ್‌ನಲ್ಲೂ ಅವನಿಲ್ಲ.

ದಾರಿಹೋಕ

ಅದನ್ನು ಒಪ್ಪಿದೆ.

ಆ ದೇವಾಲಯದ ಮಾತು ಬಂದಿದ್ದರಿಂದ ಹೇಳುತ್ತೇನೆ. ಅದನ್ನು ಮೊದಲ ಬಾರಿ ಕಟ್ಟಿಸಿದ ಕಾನ್‌ಸ್ಟಂಟೈನ್ ಚಕ್ರವರ್ತಿಯ ತಾಯಿ ಹೆಲೆನಾ ಮೊದಲು ತಂಗುಮನೆಯಲ್ಲಿ ದುಡಿಯುತ್ತಿದ್ದವಳು ಅಂತ ಮಿಲಾನಿನ ಬಿಷಪ್ ಅಂಬ್ರೋಸ್ 395ರಲ್ಲಿ ಒಂದು ಶವಸಂಸ್ಕಾರದ ಉಪದೇಶದಲ್ಲಿ ಹೇಳಿದ್ದಾನೆ. ಅದನ್ನು ಅವಮಾನ ಅಂತ ಅಲ್ಲ, ಹೊಗಳಿಕೆಯಾಗಿ ಹೇಳಿದ. ಪ್ರಭುವಿನ ಗೋದಲಿಯನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ ಒಳ್ಳೆಯ ತಂಗುಮನೆಯಾಕೆ ಅಂತ. ನನಗೆ ಬಹಳ ಇಷ್ಟವಾದ ಮಾತು ಅದು.

ಕಡಲತಡಿ

ನಾನು ಉಡುಪಿ ಕಡೆಯವಳು, ಕುವೈತಿನಲ್ಲಿ ನರ್ಸ್. ಹಳೇಲಿಪಿ ಸರ್ ಬರೆದ ‘ಪಂಡೊಖೇಯೊನ್’ ಓದಿ ಮೈ ಜುಮ್ಮೆಂದಿತು. ಇಲ್ಲಿ ಹೋಟೆಲ್ ಬೋರ್ಡುಗಳ ಮೇಲೆ ಅರಬಿಯಲ್ಲಿ ‘ಫುಂದುಕ್’ ಅಂತ ಬರೆದಿರುತ್ತದೆ. ದಿನಾ ಬಸ್ಸಿನಲ್ಲಿ ಹೋಗುವಾಗ ಓದುತ್ತೇನೆ. ಎರಡೂ ಒಂದೇ ಪದವಾ?

ಹಳೇಲಿಪಿ

ಹೌದು ಅಕ್ಕ, ಒಂದೇ. ಗ್ರೀಕಿನ ಪಂಡೊಖೇಯೊನ್ ಯೆಹೂದ್ಯರ ಬಾಯಲ್ಲಿ ‘ಪುಂದಾಕ್’ ಆಯಿತು, ಅರಬಿಯಲ್ಲಿ ಫುಂದುಕ್ ಆಯಿತು. ಸಮಾರ್ಯದವನು ಗಾಯಾಳುವನ್ನು ಕರೆದುಕೊಂಡು ಹೋದ ಜಾಗದ ಹೆಸರನ್ನೇ ನೀವು ದಿನಾ ಓದುತ್ತಿದ್ದೀರಿ.

ಕಡಲತಡಿ

ಹಾಗಾದರೆ ಒಂದು ಪ್ರಶ್ನೆ. ಚಿಕ್ಕಂದಿನಿಂದ ಕೊರೆಯುತ್ತಿದ್ದದ್ದು. ಕನ್ನಡದಲ್ಲಿ ಸಮಾರ್ಯದವನ ಕಥೆಯಲ್ಲೂ ಛತ್ರ ಅಂತಲೇ ಓದಿದ್ದೇವೆ. ನಮಗೆ ಛತ್ರ ಅಂದರೆ ಧರ್ಮಛತ್ರ, ಪುಣ್ಯಾತ್ಮರು ಕಟ್ಟಿಸಿದ್ದು, ಬಿಟ್ಟಿ. ಮತ್ತೆ ಆತ ಎರಡು ನಾಣ್ಯ ಯಾಕೆ ಕೊಟ್ಟ? ಛತ್ರದವನು ಯಾಕೆ ತೆಗೆದುಕೊಂಡ?

ಹಳೇಲಿಪಿ

ಇಡೀ ಚರ್ಚೆಯ ಗಂಟು ಇಲ್ಲೇ ಇದೆ. ಛತ್ರ ಅಂದ ಕೂಡಲೇ ಕನ್ನಡದವರ ಮನಸ್ಸಿನಲ್ಲಿ ಧರ್ಮ ಬಂದು ಕೂರುತ್ತದೆ. ಆ ಕಾಲದ ಪಂಡೊಖೇಯೊನ್‌ನಲ್ಲಿ ಧರ್ಮ ಇರಲಿಲ್ಲ. ಅದು ವ್ಯಾಪಾರ, ಅದೂ ಕೆಟ್ಟ ಹೆಸರಿನ ವ್ಯಾಪಾರ. ಅನ್ಯಜನರ ತಂಗುಮನೆಯಲ್ಲಿ ದನ ಬಿಡಬೇಡಿ, ಒಬ್ಬಂಟಿಯಾಗಿ ಉಳಿಯಬೇಡಿ, ಜೀವಕ್ಕೆ ಅಪಾಯ ಅಂತ ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥ ಮಿಷ್ನಾ ಎಚ್ಚರಿಸುತ್ತದೆ. ಅತಿಥಿಯ ಸಾಮಾನು ಕಳೆದರೆ ತಂಗುಮನೆಯವನೇ ಹೊಣೆ ಅಂತ ರೋಮನ್ ಕಾನೂನು ಕಟ್ಟುನಿಟ್ಟು ಮಾಡಿತ್ತು. ಹಡಗಿನವನಿಗೂ ಕುದುರೆ ಲಾಯದವನಿಗೂ ಅದೇ ನಿಯಮ. ಕಳ್ಳರ ಜೊತೆ ಇವರು ಕೈಜೋಡಿಸುತ್ತಾರೆ ಅನ್ನುವ ಗುಮಾನಿಯೇ ಅದಕ್ಕೆ ಕಾರಣ.

ಒಂದು ಲೆಕ್ಕ ನೋಡಿ. ಇಟಲಿಯ ಇಸೆರ್ನಿಯಾದಲ್ಲಿ ಸಿಕ್ಕ ರೋಮನ್ ಕಾಲದ ಕಲ್ಲಿನ ಮೇಲೆ ಹೇಸರಗತ್ತೆ ಹಿಡಿದ ಪ್ರಯಾಣಿಕನೊಬ್ಬ ತಂಗುಮನೆಯವರ ಹತ್ತಿರ ಲೆಕ್ಕ ಚುಕ್ತಾ ಮಾಡುವ ಚಿತ್ರವಿದೆ, ಮಾತುಕತೆಯನ್ನೂ ಕೆತ್ತಿದ್ದಾರೆ. ದ್ರಾಕ್ಷಾರಸ, ರೊಟ್ಟಿ ಸೇರಿ ಒಂದು ಆಸ್, ಅಂದರೆ ರೋಮನ್ನರ ಒಂದು ಸಣ್ಣ ನಾಣ್ಯ. ನೆಂಚಿಕೊಳ್ಳಲು ಮಾಡಿದ್ದಕ್ಕೆ ಎರಡು ಆಸ್. ಹುಡುಗಿಗೆ ಎಂಟು ಆಸ್. ಹೇಸರಗತ್ತೆಯ ಹುಲ್ಲಿಗೆ ಎರಡು ಆಸ್. ಇಂಥ ಜಾಗಗಳ ಹೆಸರು ಯಾಕೆ ಕೆಟ್ಟಿತ್ತು ಅಂತ ಆ ಎಂಟು ಆಸ್ ಹೇಳುತ್ತದೆ.

ದಿನಾರಿ ಎಂಬ ಒಂದು ಬೆಳ್ಳಿ ನಾಣ್ಯಕ್ಕೆ 16 ಆಸ್. ಸಮಾರ್ಯದವನು ಕೊಟ್ಟದ್ದು ಎರಡು ದಿನಾರಿ, ಅಂದರೆ 32 ಆಸ್. ಇಟಲಿಯ ಬೆಲೆ ಯೂದಾಯಕ್ಕೆ ಹಾಗೆಯೇ ಹೊಂದುತ್ತದೆ ಅಂತಲ್ಲ. ಆದರೂ ದಿನಕ್ಕೆ ಮೂರು ಆಸ್ ಊಟಕ್ಕೆ ಅಂತ ಹಿಡಿದರೆ ಹತ್ತು ದಿನ ಸಾಗುತ್ತದೆ. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ.

ಕಳ್ಳರು ಆ ಗಾಯಾಳುವಿನ ಮೈಮೇಲಿನ ಬಟ್ಟೆಯನ್ನೂ ಬಿಟ್ಟಿರಲಿಲ್ಲ. ಗುಣವಾಗಿ ಎದ್ದ ದಿನ ಬಾಕಿ ತೀರಿಸಲು ಅವನ ಹತ್ತಿರ ಏನಿತ್ತು? ಸಾಲಕ್ಕೆ ಮನುಷ್ಯರನ್ನೇ ಹಿಡಿದಿಟ್ಟುಕೊಳ್ಳುತ್ತಿದ್ದ ಕಾಲ. ಅದಕ್ಕೇ ಸಮಾರ್ಯದವನು "ಹೆಚ್ಚು ಖರ್ಚಾದರೆ ನಾನು ಹಿಂದಿರುಗಿ ಬರುವಾಗ ಕೊಡುತ್ತೇನೆ" ಅನ್ನುತ್ತಾನೆ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದಕ್ಕಿಂತ ಈ ಮಾತು ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಗೊತ್ತಿಲ್ಲದವನ ಸಾಲಕ್ಕೆ ಜಾಮೀನು ನಿಂತ.

ಕಡಲತಡಿ

ಆಸ್ಪತ್ರೆಯಲ್ಲಿ ಬಿಲ್ ಕಟ್ಟಲಾಗದೆ ಡಿಸ್ಚಾರ್ಜ್ ದಿನ ಕೂತು ಅಳುವವರನ್ನು ನೋಡಿದ್ದೇನೆ ಸರ್. ಈ ವಚನವನ್ನು ಇನ್ನು ಮುಂದೆ ಬೇರೆ ರೀತಿ ಓದುತ್ತೇನೆ.

ದಾರಿಹೋಕ

ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ಆ ದಾರಿ ಸುಮಾರು 27 ಕಿಲೋಮೀಟರ್. ಅಷ್ಟರಲ್ಲೇ ಸುಮಾರು ಸಾವಿರ ಮೀಟರ್ ಇಳಿಜಾರು, ಬರಡು ಗುಡ್ಡ. ಈಗ ಅಲ್ಲಿ ‘ಒಳ್ಳೆಯ ಸಮಾರ್ಯದವನ ತಂಗುಮನೆ’ ಅಂತ ಒಂದು ಜಾಗ ತೋರಿಸುತ್ತಾರೆ, ಹಳೆಯ ಖಾನ್ (ಪ್ರಯಾಣಿಕರ ತಂಗುದಾಣ) ಒಂದರ ಕಟ್ಟಡ, ಈಗ ಮೊಸಾಯಿಕ್‌ಗಳ ಸಂಗ್ರಹಾಲಯ. ಸಾಮ್ಯ ಅಂದ ಮೇಲೆ ಅದೇ ಜಾಗ ಅನ್ನುವ ಹಾಗಿಲ್ಲ, ಆದರೆ ಆ ಬಿಸಿಲಿನಲ್ಲಿ ನಾಲ್ಕು ಗೋಡೆ, ಒಂದು ಬಾವಿ ಕಂಡರೆ ಎಷ್ಟು ದೊಡ್ಡ ವಿಷಯ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಎಣ್ಣೆದೀಪ

ತಂಗುಮನೆಯವರೆಲ್ಲ ಕೆಟ್ಟವರು ಅಂತ ಆಗಬಾರದು, ಅದಕ್ಕೆ ಈ ಕಥೆ. ಮಿಷ್ನಾದಲ್ಲೇ, ಯೆವಾಮೋತ್ ಭಾಗದ ಕೊನೆಯಲ್ಲಿದೆ. ದೇವಾಲಯದ ಸೇವೆಯ ಕುಲದವರಾದ ಕೆಲವು ಲೇವಿಯರು ಖರ್ಜೂರದ ಊರಾದ ಚೋಗರ್‌ಗೆ ಹೊರಟಿದ್ದರು. ದಾರಿಯಲ್ಲಿ ಒಬ್ಬನಿಗೆ ಕಾಯಿಲೆಯಾಯಿತು. ಅವನನ್ನು ಒಂದು ಪುಂದಾಕ್‌ನಲ್ಲಿ ಬಿಟ್ಟು ಮುಂದೆ ಹೋದರು. ಹಿಂದಿರುಗಿ ಬಂದಾಗ ಆ ತಂಗುಮನೆಯಾಕೆಯನ್ನು ಕೇಳಿದರು, "ನಮ್ಮ ಗೆಳೆಯ ಎಲ್ಲಿ?" ಅವಳು ಅಂದಳು, "ತೀರಿಹೋದ. ನಾನೇ ಮಣ್ಣು ಮಾಡಿದೆ." ಒಳಗೆ ಹೋಗಿ ಅವನ ಕೋಲು, ಚೀಲ, ಅವನ ಕೈಯಲ್ಲಿದ್ದ ಧರ್ಮಶಾಸ್ತ್ರದ ಸುರುಳಿ ತಂದು ಕೊಟ್ಟಳು. ಅವಳ ಮಾತಿನ ಮೇಲೆ ಸತ್ತವನ ಹೆಂಡತಿಗೆ ಮರುಮದುವೆಗೆ ಅನುಮತಿ ಸಿಕ್ಕಿತು.

ಆ ಸುರುಳಿಗೆ ಎಷ್ಟು ಬೆಲೆ ಇದ್ದಿರಬೇಕು ಯೋಚಿಸಿ. ಮಾರಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಇಸ್ರಾಯೇಲ್ಯರ ಗೂಢಚಾರರನ್ನು ಮನೆಯಲ್ಲಿ ಬಚ್ಚಿಟ್ಟ ಯೆರಿಕೋವಿನ ರಾಹಾಬಳನ್ನು ನಾವು ಸೂಳೆ ಅಂತ ಓದುತ್ತೇವೆ. ಹಳೆಯ ಅರಮಾಯಿಕ್ ಅನುವಾದದಲ್ಲಿ ಅವಳು ‘ಪುಂದಕೀತಾ’, ತಂಗುಮನೆ ನಡೆಸುವವಳು. ಇತಿಹಾಸಕಾರ ಜೋಸೆಫಸ್ ಕೂಡ ಅವಳ ಮನೆಯನ್ನು ತಂಗುಮನೆ ಅಂತಲೇ ಕರೆದ. ಹೀಬ್ರೂ ಮೂಲದಲ್ಲಿ ಸೂಳೆ ಅಂತಲೇ ಇದೆ ನಿಜ, ಆದರೆ ಗೂಢಚಾರರು ಬಂದು ಉಳಿಯಬಲ್ಲ, ಊರಿನ ಸುದ್ದಿಯೆಲ್ಲ ಬಂದು ಬೀಳುವ ಮನೆ ಅದು ಅನ್ನುವುದರಲ್ಲಿ ಸಂಶಯವಿಲ್ಲ.

ಭಾನುವಾರದ ಟೀಚರ್

ಓದುತ್ತಾ ಕೂತು ಅಡುಗೆ ತಡವಾಯಿತು. ಕೋಲು, ಚೀಲ, ಸುರುಳಿ ತಂದು ಕೊಟ್ಟ ಆ ಹೆಂಗಸು ಮನಸ್ಸಿನಿಂದ ಹೋಗುತ್ತಿಲ್ಲ.

ಹಾಗಾದರೆ ಬಿಟ್ಟಿ ಉಳಿಯುವ ಜಾಗ, ನಮ್ಮ ಛತ್ರದಂಥದ್ದು, ಆ ಕಾಲದಲ್ಲಿ ಇರಲೇ ಇಲ್ಲವಾ?

ಹಳೇಲಿಪಿ

ಇತ್ತು. ಕಲ್ಲಿನ ಮೇಲೆ ಬರೆದ ಸಾಕ್ಷಿಯೇ ಇದೆ. 1913ರಲ್ಲಿ ಯೆರೂಸಲೇಮಿನ ಹಳೆಯ ದಾವೀದನ ಪಟ್ಟಣದ ಅಗೆತದಲ್ಲಿ ಹತ್ತು ಸಾಲಿನ ಗ್ರೀಕ್ ಶಾಸನವೊಂದು ಸಿಕ್ಕಿತು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ಯೆಹೂದ್ಯ ದೇವಾಲಯ ನಾಶವಾಗುವುದಕ್ಕೆ ಮುಂಚಿನದು ಅಂತ ಹೆಚ್ಚಿನವರ ಅಭಿಪ್ರಾಯ. ಥಿಯೊಡೊಟಸ್ ಎಂಬ ಯಾಜಕ, ಅವನ ತಂದೆ, ತಾತ ಮೂವರೂ ಸಭಾಮಂದಿರದ ಮುಖ್ಯಸ್ಥರು. ಧರ್ಮಶಾಸ್ತ್ರ ಓದಲು ಸಭಾಮಂದಿರ ಕಟ್ಟಿಸಿದೆ, ಜೊತೆಗೆ ಅತಿಥಿಗೃಹ, ಕೋಣೆಗಳು, ನೀರಿನ ವ್ಯವಸ್ಥೆ ಮಾಡಿಸಿದೆ, ಹೊರನಾಡಿನಿಂದ ಬಂದು ಅಗತ್ಯವಿದ್ದವರಿಗೆ ತಂಗಲು ಅಂತ ಬರೆಸಿದ್ದಾನೆ. ‘ತಂಗಲು’ ಅನ್ನುವಲ್ಲಿ ಇರುವ ಪದ ಯಾವುದು ಗೊತ್ತೇ? ಕಟಾಲೂಮ.

ನಮ್ಮ ಶಾಸನಗಳಲ್ಲಿ ಸತ್ರಕ್ಕೆ, ಅರವಟಿಗೆಗೆ ದತ್ತಿ ಬಿಟ್ಟವರ ಹೆಸರು ಓದಿದ್ದವರಿಗೆ ಇದು ಪರಿಚಯದ ದನಿ. ತಾತ, ತಂದೆ, ನೀರು, ನೆರಳು.

ದಾರಿಹೋಕ

ಆದರೆ ಇದು ನಿಮ್ಮ ವಾದಕ್ಕೆ ಪೆಟ್ಟು ಸರ್. ಕಟಾಲೂಮ ಅಂದರೆ ಮನೆಯ ಕೋಣೆ ಅಂದಿರಿ, ಇಲ್ಲಿ ಅದು ಸಾರ್ವಜನಿಕ ವಸತಿಗೆ ಬಂದಿದೆಯಲ್ಲ?

ಹಳೇಲಿಪಿ

ಸರಿಯಾಗಿ ಹಿಡಿದಿರಿ. ಪದ ಅಷ್ಟು ಇಕ್ಕಟ್ಟಿನದ್ದಲ್ಲ, ನಾನು ಮೊದಲು ಬರೆದದ್ದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇನೆ. ‘ಕಟಾಲೂಓ’ ಅಂದರೆ ಬಿಚ್ಚು, ಬಿಡು. ಪ್ರಯಾಣ ನಿಲ್ಲಿಸಿ ಹೊರೆ ಇಳಿಸಿ, ಪ್ರಾಣಿಗಳ ಕಟ್ಟು ಬಿಚ್ಚುವ ಜಾಗ ಕಟಾಲೂಮ. ಅದು ನೆಂಟರ ಕೋಣೆಯಾಗಬಹುದು, ಥಿಯೊಡೊಟಸನ ಅತಿಥಿಗೃಹವಾಗಬಹುದು. ಬರೆಯುತ್ತಾ ಇರುವಾಗ ಹೊಳೆಯಿತು, ಕನ್ನಡದಲ್ಲಿ ಇದಕ್ಕೆ ಸರಿಸಾಟಿ ಪದವೇ ಇದೆ: ಬಿಡಾರ. ಅದೂ ‘ಬಿಡು’ವಿನಿಂದಲೇ ಬಂದದ್ದು, ಬೀಡಿನ ಹಾಗೆ. ‘ಬಿಡಾರದಲ್ಲಿ ಅವರಿಗೆ ಸ್ಥಳವಿರಲಿಲ್ಲ’ ಅಂತ ಒಮ್ಮೆ ಓದಿ ನೋಡಿ. ಕದ ಹಾಕುವ ಯಜಮಾನ ತಾನಾಗಿ ಮಾಯವಾಗುತ್ತಾನೆ.

ಎಣ್ಣೆದೀಪ

ಬಿಡಾರ! ಎಷ್ಟು ಚೆನ್ನಾಗಿ ಕೂತಿತು.

ಹಬ್ಬದ ದಿನಗಳಲ್ಲಿ ಯೆರೂಸಲೇಮಿನ ಮನೆಗಳೇ ಬಿಡಾರಗಳಾಗುತ್ತಿದ್ದವು. ಯಾತ್ರಿಕರಿಂದ ಬಾಡಿಗೆ ತೆಗೆದುಕೊಳ್ಳಬಾರದು, ಪಟ್ಟಣ ಎಲ್ಲ ಕುಲಗಳಿಗೂ ಸೇರಿದ್ದು ಅಂತ ಯೆಹೂದ್ಯರ ಇನ್ನೊಂದು ಗ್ರಂಥ ತಾಲ್ಮುದ್‌ನಲ್ಲಿ ಒಂದು ಅಭಿಪ್ರಾಯವಿದೆ. ಅತಿಥಿಗಳು ಹೊರಡುವಾಗ ಬಲಿಪಶುವಿನ ತೊಗಲು, ದ್ರಾಕ್ಷಾರಸದ ಮಡಕೆ ಮನೆಯವರಿಗೆ ಬಿಟ್ಟು ಹೋಗುವುದು ವಾಡಿಕೆ ಅಂತಲೂ ಇದೆ.

ಅಪೊಸ್ತಲರೂ ಹೀಗೇ ಮನೆಯಿಂದ ಮನೆಗೆ ಹೋದವರು. ಪೇತ್ರ ಯೊಪ್ಪದಲ್ಲಿ ಉಳಿದದ್ದು ತೊಗಲು ಹದಮಾಡುವ ಸೀಮೋನನ ಮನೆಯಲ್ಲಿ, ಸಮುದ್ರದ ಬಳಿ. ಪೌಲ ಫಿಲಿಪ್ಪಿಯಲ್ಲಿ ಲುದ್ಯಳ ಮನೆಯಲ್ಲಿ, ಕೊರಿಂಥದಲ್ಲಿ ತನ್ನಂತೆ ಗುಡಾರ ಕೆಲಸದವರಾದ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ. ಫಿಲೆಮೋನನಿಗೆ ಸೆರೆಯಿಂದಲೇ ಬರೆಯುತ್ತಾನೆ, ನನಗೊಂದು ತಂಗುವ ಜಾಗ ಸಿದ್ಧಮಾಡು ಅಂತ. ಈ ಉಪಚಾರವನ್ನು ದುರುಪಯೋಗ ಮಾಡುವವರೂ ಇದ್ದರು. ಮೊದಲ ಸಭೆಗಳಿಗೆ ಬರೆದ ದಿದಖೆ ಎಂಬ ಪುಸ್ತಕದಲ್ಲಿ ನೇರ ನಿಯಮ ಇದೆ. ಬಂದ ಅಪೊಸ್ತಲ ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರು ದಿನ ಕೂತರೆ ಅವನು ಸುಳ್ಳು ಪ್ರವಾದಿ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಶೂನೇಮಿನ ಹೆಂಗಸು. ಎರಡನೇ ಅರಸುಗಳು 4. ಪ್ರವಾದಿ ಎಲೀಷ ಆಗಾಗ ಬಂದು ಹೋಗುವುದನ್ನು ನೋಡಿ ಗಂಡನಿಗೆ ಹೇಳುತ್ತಾಳೆ, ಮಾಳಿಗೆ ಮೇಲೆ ಒಂದು ಸಣ್ಣ ಕೋಣೆ ಕಟ್ಟಿಸೋಣ, ಮಂಚ, ಮೇಜು, ಕುರ್ಚಿ, ದೀಪ ಇಡೋಣ. ದಾರಿ ನಡೆದು ಬಂದವನಿಗೆ ಏನೇನು ಬೇಕೋ ಅಷ್ಟನ್ನೂ ಲೆಕ್ಕ ಹಾಕಿದ್ದಾಳೆ.

ಭಾನುವಾರದ ಟೀಚರ್

ಎಲ್ಲರಿಗೂ ಮನಸಾರೆ ವಂದನೆ. ಇವತ್ತು ರಿಹರ್ಸಲ್‌ನಲ್ಲಿ ನಾಟಕ ಬದಲಾಯಿಸಿದೆ. ಮೂರು ಬಾಗಿಲು ತೆಗೆದುಹಾಕಿದೆ. ಈಗ ಒಂದೇ ಮನೆ, ತುಂಬ ನೆಂಟರು, ಒಳಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮನೆಯೊಡತಿ ಮರಿಯಳ ಮುಖ ನೋಡಿ ಗಂಡಸರನ್ನೆಲ್ಲ ಹೊರಗೆ ಕಳಿಸುತ್ತಾಳೆ. ನಮ್ಮ ಛತ್ರದ ಹುಡುಗ ಈಗ ಆ ಮನೆಯ ಮಗ. ಎತ್ತನ್ನು ಆಚೆಗೆ ಸರಿಸಿ, ಗೋದಲಿ ಗುಡಿಸಿ, ಹೊಸ ಹುಲ್ಲು ಹಾಸುವುದು ಅವನ ಕೆಲಸ. ಮಾತು ಒಂದೂ ಇಲ್ಲ. "ಮಿಸ್, ಹಾಗಾದರೆ ನಾನು ಬೈಯೋದು ಬೇಡವಾ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಗೋದಲಿ ಹೇಗಿರಬೇಕು? ನಮ್ಮಲ್ಲಿ ಇರುವುದು ಕಾಲು ಅಡ್ಡ ಹಾಕಿದ ಮರದ ತೊಟ್ಟಿಲಿನಂಥದ್ದು.

ಬಯಲುಸೀಮೆ

ಅದು ಬ್ಯಾಡ್ರಿ. ಕಟ್ಟೆ ಅಂಚಿಗೆ ಉದ್ದಕ ತಗ್ಗು ಇದ್ದಂಗ ಮಾಡ್ರಿ, ಒಂದು ಮೊಳ ಅಗಲ, ಅಂಚು ಗುಂಡಗೆ, ಎತ್ತು ನೆಕ್ಕಿ ನೆಕ್ಕಿ ನುಣ್ಣಗಾದಂಗ. ಥರ್ಮೋಕೋಲಿಗೆ ಮಣ್ಣಿನ ಬಣ್ಣ ಬಳದ್ರ ನಡೀತೈತಿ. ಮತ್ತ ಹುಲ್ಲಿಗೆ ಜೋಳದ ಕಣಕಿ ತರಬ್ಯಾಡ್ರಿ, ಗಡುಸು ಇರತೈತಿ, ಕೂಸಿಗೆ ಚುಚ್ಚತೈತಿ. ಭತ್ತದ ಹುಲ್ಲು ತಗೋರಿ, ಆ ಹುಡುಗಗ ಮೊದಲ ಕೈಯಾಗ ತಿಕ್ಕಿ ಮೆತ್ತಗ ಮಾಡು ಅಂತ ಹೇಳ್ರಿ.